ಸುಂಕದ ಸುದ್ದಿ ಓದಿ ಹಲಗೆ ಕೊಳ್ಳುವ ಮುಂಚೆ: ಅಮೆರಿಕದಲ್ಲಿ ಮನೆ ಕೆಲಸಕ್ಕೆ ಕೈಹಾಕುವವರಿಗೆ

2025ರ ಬೇಸಿಗೆಯಲ್ಲಿ ನಮ್ಮ ಬೇಸ್‌ಮೆಂಟ್ ಕೆಲಸಕ್ಕೆ ಒಬ್ಬ ಕಂಟ್ರಾಕ್ಟರ್ ಕೊಟೇಶನ್ ಕೊಟ್ಟರು. ಎರಡು ಪುಟ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಆಮದು ಸುಂಕದಿಂದ ಸಾಮಾನಿನ ಬೆಲೆ ಏರಿದರೆ ಹೆಚ್ಚಿನ ಹಣ ಮನೆಯವರೇ ಕೊಡಬೇಕು ಅಂತ. ಯಾವ ಸಾಮಾನು, ಎಷ್ಟು ಏರಿದರೆ, ಯಾವ ದಿನದ ಬೆಲೆಗೆ ಹೋಲಿಸಿ ಅಂತ ಕೇಳಿದೆ. ಸರಿಯಾದ ಉತ್ತರ ಬರಲಿಲ್ಲ. ನನಗೂ ಅವಸರ, ಸಹಿ ಹಾಕಿಬಿಟ್ಟೆ. ಎರಡು ತಿಂಗಳಾದ ಮೇಲೆ ಬಂದ ಬಿಲ್ಲಿನಲ್ಲಿ ಸುಂಕದ ಬಾಬ್ತು ಅಂತ 1,900 ಡಾಲರ್ ಸೇರಿತ್ತು. ರಾತ್ರಿ ಕೂತು ಗೋಡೆಗೆ ಹೋದ ಮರವನ್ನೆಲ್ಲ ಎಣಿಸಿದೆ. ಆ ಮರದ ಒಟ್ಟು ಬೆಲೆಯೇ ಅಷ್ಟಿರಲಿಲ್ಲ.

ಆ ರಾತ್ರಿ ಹಾಕಿದ ಲೆಕ್ಕವನ್ನು ಕೆಲಸಕ್ಕೆ ಮೊದಲೇ ಹಾಕಿದ್ದರೆ ಹಣ ಉಳಿಯುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿರುವ ನಮ್ಮವರು ಡೆಕ್ (ಮನೆಗೆ ತಾಗಿದ ಮರದ ಜಗಲಿ) ಕಟ್ಟಿಸುತ್ತಾರೆ, ಬೇಸ್‌ಮೆಂಟ್ ಮುಗಿಸುತ್ತಾರೆ, ಅಡುಗೆಮನೆ ಬದಲಿಸುತ್ತಾರೆ. ಎಲ್ಲರೂ ಕೇಳುವುದು ಒಂದೇ ಮಾತು. ಈಗಲೇ ಮಾಡಿಸೋದಾ, ಕಾಯೋದಾ? ಅದಕ್ಕಿಂತ ಮೊದಲು ನಿಮ್ಮ ಕೆಲಸದಲ್ಲಿ ಸುಂಕ ಎಲ್ಲಿ ಕೂತಿದೆ ಅಂತ ಹುಡುಕಿ. ಬಹಳ ಸಲ ಅದು ನೀವು ಹೆದರಿದ ಜಾಗದಲ್ಲಿ ಇರುವುದೇ ಇಲ್ಲ.

ಸುಂಕ ಏರಿದ ಕೂಡಲೇ ಬೆಲೆ ಏರಬೇಕು ಅಂತಿಲ್ಲ

ಸ್ವಲ್ಪ ಹಿನ್ನೆಲೆ ಗೊತ್ತಿದ್ದರೆ ಮುಂದಿನದು ಸಲೀಸು. ಅಮೆರಿಕದ ಮನೆಗಳ ಗೋಡೆ, ಮಹಡಿ, ಚಾವಣಿ ನಿಂತಿರುವುದು ಮೆದು ಮರದ ಮೇಲೆ. ಸ್ಪ್ರೂಸ್, ಪೈನ್, ಫರ್. ಈ ಮರದಲ್ಲಿ ಸುಮಾರು ಕಾಲು ಭಾಗ ಕೆನಡಾದಿಂದ ಬರುತ್ತದೆ. ಕೆನಡಾದಲ್ಲಿ ಕಾಡು ಬಹುಪಾಲು ಸರ್ಕಾರದ್ದು. ಮರ ಕಡಿಯುವ ಕಂಪನಿಗಳು ಸರ್ಕಾರಕ್ಕೆ ಶುಲ್ಕ ಕಟ್ಟುತ್ತವೆ. ಆ ಶುಲ್ಕ ತೀರಾ ಕಡಿಮೆ, ಅದು ಸಬ್ಸಿಡಿ ಕೊಟ್ಟ ಹಾಗೇ ಅನ್ನುವುದು ಅಮೆರಿಕದ ಮಿಲ್ಲುಗಳ ದೂರು. ಅಮೆರಿಕದಲ್ಲಿ, ಅದರಲ್ಲೂ ದಕ್ಷಿಣದ ರಾಜ್ಯಗಳಲ್ಲಿ, ಕಾಡು ಹೆಚ್ಚಾಗಿ ಖಾಸಗಿಯವರ ಕೈಯಲ್ಲಿದೆ. ಮರಕ್ಕೆ ಮಾರುಕಟ್ಟೆ ಬೆಲೆ ಕೊಟ್ಟೇ ಕಡಿಯಬೇಕು.

ಈ ಜಗಳ 1982ರಿಂದ ನಡೆದಿದೆ. 2006ರಲ್ಲಿ ಒಂದು ಒಪ್ಪಂದ ಆಯಿತು, 2015ರ ಅಕ್ಟೋಬರ್‌ನಲ್ಲಿ ಅದರ ಅವಧಿ ಮುಗಿಯಿತು. 2017ರಿಂದ ಮತ್ತೆ ಸುಂಕ ಶುರುವಾಯಿತು. ಅಮೆರಿಕದ ವಾಣಿಜ್ಯ ಇಲಾಖೆ ಪ್ರತಿ ವರ್ಷ ಪರಿಶೀಲನೆ ಮಾಡಿ ದರ ಬದಲಿಸುತ್ತದೆ. 2024ರ ಆಗಸ್ಟ್‌ನಲ್ಲಿ ಹೆಚ್ಚಿನ ಕೆನಡಾ ಮಿಲ್ಲುಗಳಿಗೆ ಶೇ 14.5ರ ಆಸುಪಾಸು ಇತ್ತು. 2025ರ ಆಗಸ್ಟ್‌ಗೆ ಅದು ಶೇ 35.19 ಆಯಿತು. ಅದರ ಮೇಲೆ 2025ರ ಅಕ್ಟೋಬರ್ 14ರಿಂದ ರಾಷ್ಟ್ರೀಯ ಭದ್ರತೆಯ ಕಾರಣ ಕೊಟ್ಟು ಎಲ್ಲ ದೇಶಗಳ ಮೆದು ಮರಕ್ಕೂ ಇನ್ನೊಂದು ಶೇ 10 ಹಾಕಿದರು. ಕೆನಡಾ ಮರಕ್ಕೆ ಎರಡೂ ಸೇರಿ 45 ದಾಟಿತು.

ಇಷ್ಟು ಕೇಳಿದರೆ ಯಾರಿಗಾದರೂ ಗಾಬರಿ ಆಗುತ್ತದೆ, ಅಲ್ವಾ? ಈಗ ಬೆಲೆ ನೋಡಿ. 2025ರ ಆಗಸ್ಟ್ ಶುರುವಿನಲ್ಲಿ ಮರದ ಫ್ಯೂಚರ್ಸ್ ಬೆಲೆ, ಅಂದರೆ ಮುಂದೆ ಕೊಡುವ ಮರಕ್ಕೆ ಮಾರುಕಟ್ಟೆ ಇವತ್ತೇ ಕಟ್ಟುವ ಬೆಲೆ, ಸಾವಿರ ಬೋರ್ಡ್ ಫೂಟಿಗೆ (ಇದು ಮರದ ಅಳತೆ, ಹೆಜ್ಜೆ 2ರಲ್ಲಿ ಹೇಳಿದ್ದೇನೆ) 700 ಡಾಲರ್ ಹತ್ತಿರ ಇತ್ತು. ಸುಂಕ ದುಪ್ಪಟ್ಟಾದ ಮೇಲೆ, ಸೆಪ್ಟೆಂಬರ್‌ನಲ್ಲಿ ಅದು 600ಕ್ಕಿಂತ ಕೆಳಗೆ ಬಂತು. ಸುಂಕ ಬರುತ್ತದೆ ಅಂತ ವ್ಯಾಪಾರಿಗಳು ಮೊದಲೇ ಮರ ತರಿಸಿ ಗೋದಾಮು ತುಂಬಿಕೊಂಡಿದ್ದರು. ಇತ್ತ ಮನೆ ಸಾಲದ ಬಡ್ಡಿ ಜಾಸ್ತಿ, ಹೊಸ ಮನೆ ಕಟ್ಟುವವರು ಕಡಿಮೆ. ಮರ ಇತ್ತು, ಕೊಳ್ಳುವವರು ಇರಲಿಲ್ಲ.

2021ರಲ್ಲಿ ಆದದ್ದು ಇದರ ತದ್ವಿರುದ್ಧ. ಆ ವರ್ಷದ ಮೇ ತಿಂಗಳಲ್ಲಿ ಬೆಲೆ 1,600 ಡಾಲರ್ ದಾಟಿತ್ತು. ಆಗ ಸುಂಕದ ದರ ಕಡಿಮೆಯೇ ಇತ್ತು, ಶೇ 9ರ ಹತ್ತಿರ. ಕೋವಿಡ್ ಶುರುವಿನಲ್ಲಿ ಮಿಲ್ಲುಗಳು ಕೆಲಸ ತಗ್ಗಿಸಿದ್ದವು. ಮನೆಯಲ್ಲೇ ಕೂತ ಜನ ಡೆಕ್, ಬೇಲಿ ಅಂತ ಹೊರಟರು. ಮರ ಸಾಲದೆ ಬೆಲೆ ಏರಿತು. ಅದೇ ಆಗಸ್ಟ್‌ಗೆ 600ರ ಕೆಳಗೆ ಇಳಿದೂ ಬಿಟ್ಟಿತು. ಮೇ ತಿಂಗಳಲ್ಲಿ ಹೆದರಿ ಕೊಂಡ ನನ್ನ ಗೆಳೆಯರಿಬ್ಬರು ಇವತ್ತಿಗೂ ಆ ಮಾತು ಎತ್ತುತ್ತಾರೆ.

ಹೆಜ್ಜೆ 1: ಮೊದಲು ಪಟ್ಟಿ, ಆಮೇಲೆ ಫೋನು

ಕಂಟ್ರಾಕ್ಟರಿಗೆ ಫೋನ್ ಮಾಡುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಕೆಲಸಕ್ಕೆ ಬೇಕಾದ ಸಾಮಾನನ್ನು ಬರೆಯಿರಿ. ಅಂದಾಜಾದರೂ ಸಾಕು. ಮರ ಎಷ್ಟು, ಡ್ರೈವಾಲ್ (ಗೋಡೆಗೆ ಹೊಡೆಯುವ ಜಿಪ್ಸಮ್ ಹಾಳೆ) ಎಷ್ಟು, ಕ್ಯಾಬಿನೆಟ್ ಎಷ್ಟು, ಕಲ್ಲು ಎಷ್ಟು ಚದರ ಅಡಿ, ಬಾಗಿಲು, ಕಿಟಕಿ, ತಂತಿ, ಪೈಪು. ಪಕ್ಕದಲ್ಲಿ ಅಂಗಡಿಯ ಇವತ್ತಿನ ಬೆಲೆ. ಹೋಮ್ ಡಿಪೋ, ಲೋಸ್ ಎರಡರ ಸೈಟಿನಲ್ಲೂ ನಿಮ್ಮ ಊರಿನ ಅಂಗಡಿಯ ಬೆಲೆ ಸಿಗುತ್ತದೆ. ಪುಟದ ಫೋಟೋ ತೆಗೆದು ತಾರೀಖಿನ ಜೊತೆ ಇಟ್ಟುಕೊಳ್ಳಿ. ನಾಳೆ ಯಾರಾದರೂ ಬೆಲೆ ಏರಿತು ಅಂದರೆ ಎಲ್ಲಿಂದ ಏರಿತು ಅನ್ನುವುದಕ್ಕೆ ನಿಮ್ಮ ಕೈಯಲ್ಲಿ ಇದೊಂದೇ ಆಧಾರ.

ಹೆಜ್ಜೆ 2: ಬೋರ್ಡ್ ಫೂಟ್ ಲೆಕ್ಕ ಕಲಿಯಿರಿ

ಊರಲ್ಲಿ ಮನೆ ಕಟ್ಟಿಸಿದವರಿಗೆ ಸಿಎಫ್‌ಟಿ ಗೊತ್ತು. ತೇಗವೋ ಹೊನ್ನೆಯೋ, ಟಿಂಬರ್ ಡಿಪೋದಲ್ಲಿ ಘನ ಅಡಿ ಲೆಕ್ಕದಲ್ಲೇ ವ್ಯವಹಾರ. ಇಲ್ಲಿ ಬೋರ್ಡ್ ಫೂಟ್. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚು ದಪ್ಪ. ಹನ್ನೆರಡು ಬೋರ್ಡ್ ಫೂಟ್ ಸೇರಿದರೆ ನಮ್ಮ ಒಂದು ಸಿಎಫ್‌ಟಿ.

ಲೆಕ್ಕ ಸುಲಭ. ದಪ್ಪ ಇಂಚಿನಲ್ಲಿ, ಅಗಲ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 12ರಿಂದ ಭಾಗಿಸಿ. ಎಂಟಡಿ ಉದ್ದದ ಟೂ ಬೈ ಫೋರ್ ಅಂದರೆ 2 × 4 × 8, ಅದು 64. ಹನ್ನೆರಡರಿಂದ ಭಾಗಿಸಿದರೆ 5.33 ಬೋರ್ಡ್ ಫೂಟ್. ಇಲ್ಲಿ ಒಂದು ವಿಷಯ ಗಮನಿಸಿ. ಟೂ ಬೈ ಫೋರ್ ಅನ್ನುವುದು ಹೆಸರಿಗೆ ಮಾತ್ರ. ಒಣಗಿಸಿ ಹತ್ತರಿ ಹೊಡೆದ ಮೇಲೆ ಅದು ಒಂದೂವರೆ ಇಂಚು, ಮೂರೂವರೆ ಇಂಚು ಇರುತ್ತದೆ. ಬೆಲೆ ಮಾತ್ರ ಹೆಸರಿನ ಅಳತೆಗೆ. ಮೋಸ ಏನಲ್ಲ, ಇಲ್ಲಿನ ಪದ್ಧತಿಯೇ ಹಾಗೆ.

ಈಗ ಒಂದು ಡೆಕ್ ಲೆಕ್ಕ ಹಾಕೋಣ. ಮನೆಯಿಂದ ಹೊರಕ್ಕೆ 12 ಅಡಿ, ಅಗಲ 16 ಅಡಿ. 16 ಇಂಚಿಗೊಂದರಂತೆ 12 ಅಡಿಯ ಟೂ ಬೈ ಟೆನ್ ಜಾಯಿಸ್ಟ್ (ಹಲಗೆ ಹೊರುವ ತೊಲೆ) ಹಾಕಿದರೆ 13 ಬೇಕು. ಒಂದಕ್ಕೆ 20 ಬೋರ್ಡ್ ಫೂಟ್, ಒಟ್ಟು 260. ಗೋಡೆ ಕಡೆಗೊಂದು, ಹೊರಗಡೆಗೊಂದು 16 ಅಡಿಯ ಟೂ ಬೈ ಟೆನ್, ಎರಡೂ ಸೇರಿ 53. ಮೇಲಿನ ಹಲಗೆ ಐದೂವರೆ ಇಂಚು ಅಗಲದ್ದು (ಹೆಸರಿನ ಅಳತೆ 1.25 × 6, ಉದ್ದ 16 ಅಡಿ) 26 ಬೇಕು, ತಲಾ 10 ಬೋರ್ಡ್ ಫೂಟ್, 260. ಎಲ್ಲಾ ಸೇರಿ 573. ನಮ್ಮ ಲೆಕ್ಕದಲ್ಲಿ ಸುಮಾರು 48 ಸಿಎಫ್‌ಟಿ. ಕಂಬ, ಬೀಮು, ಮೆಟ್ಟಿಲು, ಕಟಕಟೆ ಇದರ ಮೇಲೆ.

ಯಾಕೆ ಇಷ್ಟು ಲೆಕ್ಕ ಅಂದರೆ, ಮರದ ಬೆಲೆ ನೂರು ಡಾಲರ್ ಜಿಗಿಯಿತು ಅಂತ ಸುದ್ದಿ ಬಂದರೆ ಅದು ಸಾವಿರ ಬೋರ್ಡ್ ಫೂಟಿನ ಮಾತು. ನಿಮ್ಮ 573ಕ್ಕೆ ಅದು 57 ಡಾಲರ್. ಅಂಗಡಿಯವರ ಲಾಭ ಸೇರಿಸಿದರೂ ಎಂಬತ್ತೋ ತೊಂಬತ್ತೋ. ಸುಮ್ನೆ ಅಷ್ಟಕ್ಕೆ ಹೆದರಿ ಮಳೆಯಲ್ಲಿ ಮರ ತಂದು ಅಂಗಳದಲ್ಲಿ ಪೇರಿಸಬೇಡಿ. ಇಡೀ ಮನೆ ಕಟ್ಟಿಸುವವರ ಮಾತು ಬೇರೆ. ಒಂದು ಸಾಧಾರಣ ಮನೆಗೆ ಸುಮಾರು 15,000 ಬೋರ್ಡ್ ಫೂಟ್ ಮರ ಬೇಕು. ಅವರಿಗೆ ಅದೇ ನೂರು ಡಾಲರ್ ಅಂದರೆ 1,500.

ನನ್ನ ಬೇಸ್‌ಮೆಂಟಿಗೆ ಹೋದದ್ದು ಸುಮಾರು 110 ಟೂ ಬೈ ಫೋರ್. ಗಡಿ ದಾಟುವಾಗ ಒಂದಕ್ಕೆ 3 ಡಾಲರ್ ಅಂತ ಇಟ್ಟುಕೊಳ್ಳಿ. ಶೇ 45ರ ಸುಂಕ ಪೂರ್ತಿ ನನ್ನ ತಲೆಗೇ ಬಂದರೂ ಒಂದಕ್ಕೆ 1.35, ಒಟ್ಟು 150 ಡಾಲರ್ ಆಸುಪಾಸು. 1,900 ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಬಿಲ್ಲು ಹಿಡಿದುಕೊಂಡು ಕೇಳಿದೆ. ಕೊನೆಗೆ 1,200 ಕಡಿಮೆ ಮಾಡಿದರು. ಉಳಿದದ್ದಕ್ಕೆ ನನ್ನ ಸಹಿ ಅಡ್ಡ ಬಂತು.

ಹೆಜ್ಜೆ 3: ಪಟ್ಟಿಯನ್ನು ಮೂರು ಗುಂಪು ಮಾಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ. ಪ್ರತಿ ಸಾಮಾನಿನ ಪಕ್ಕ ಅದು ಎಲ್ಲಿಂದ ಬಂದದ್ದು ಅಂತ ಬರೆಯಿರಿ.

ಮೊದಲ ಗುಂಪು ಸುಂಕ ನೇರವಾಗಿ, ಜೋರಾಗಿ ತಟ್ಟುವಂಥದ್ದು. ಇದರಲ್ಲಿ ಎಲ್ಲಕ್ಕಿಂತ ಮೇಲೆ ಅಡುಗೆಮನೆಯ ಕ್ಯಾಬಿನೆಟ್, ಬಾತ್‌ರೂಮಿನ ವ್ಯಾನಿಟಿ (ಸಿಂಕಿನ ಕೆಳಗಿನ ಕಪಾಟು). 2025ರ ಅಕ್ಟೋಬರ್ 14ರಿಂದ ಆಮದು ಕ್ಯಾಬಿನೆಟ್‌ಗಳಿಗೆ ಶೇ 25 ಸುಂಕ ಬಿತ್ತು. 2026ರ ಜನವರಿ 1ಕ್ಕೆ ಅದು 50 ಆಗಬೇಕಿತ್ತು. 2025ರ ಕೊನೆಯ ದಿನ ಅದನ್ನು 2027ರ ಜನವರಿ 1ಕ್ಕೆ ಮುಂದೂಡಿದರು. ಯುರೋಪ್ ಒಕ್ಕೂಟ, ಜಪಾನ್ ದೇಶಗಳಿಗೆ ಶೇ 15ರ ಮಿತಿ, ಬ್ರಿಟನ್‌ಗೆ 10. ಲೆಕ್ಕ ನೋಡಿ. ಗಡಿಯಲ್ಲಿ 6,000 ಡಾಲರ್ ಬೆಲೆಯ ಕ್ಯಾಬಿನೆಟ್‌ಗೆ 25ರಲ್ಲಿ 1,500, ಐವತ್ತರಲ್ಲಿ 3,000. ನೂರ ಹತ್ತು ಟೂ ಬೈ ಫೋರಿನ 150 ಡಾಲರಿಗೆ ನಿದ್ದೆಗೆಡುವವರು ಕ್ಯಾಬಿನೆಟ್ ಎಲ್ಲಿಯದು ಅಂತ ಕೇಳುವುದೇ ಇಲ್ಲ. ಕೇಳಿ. ಶೋರೂಮ್ ಅಮೆರಿಕದ್ದಾದರೂ ಪೆಟ್ಟಿಗೆ ವಿಯೆಟ್ನಾಂ ಅಥವಾ ಮಲೇಷ್ಯಾದ್ದಿರಬಹುದು. ಬಾಗಿಲು ಒಂದು ಕಡೆಯದು, ಪೆಟ್ಟಿಗೆ ಇನ್ನೊಂದು ಕಡೆಯದು ಇರುವುದೂ ಉಂಟು.

ಲೋಹಗಳೂ ಇದೇ ಗುಂಪಿಗೆ. ಉಕ್ಕು, ಅಲ್ಯೂಮಿನಿಯಂ ಆಮದಿಗೆ 2025ರ ಮಾರ್ಚ್ 12ರಿಂದ ಶೇ 25, ಜೂನ್ 4ರಿಂದ ಶೇ 50 ಹಾಕಿದರು. ಮೊಳೆ, ಜಾಯಿಸ್ಟ್ ಹ್ಯಾಂಗರ್ (ತೊಲೆ ಹಿಡಿಯುವ ಲೋಹದ ಕೊಂಡಿ), ಸರಳು, ಮಳೆನೀರಿನ ಗಟರ್ ಎಲ್ಲಕ್ಕೂ ಇದರ ಬಿಸಿ ತಾಗುತ್ತದೆ. ಜೂನ್ 23ರಿಂದ ಫ್ರಿಜ್, ಡಿಶ್‌ವಾಷರ್, ಓವನ್‌ಗಳಲ್ಲಿರುವ ಉಕ್ಕಿನ ಪಾಲಿಗೂ ಹಾಕಿದರು. ತಾಮ್ರದ ಪೈಪು, ತಂತಿಗೆ ಆಗಸ್ಟ್ 1ರಿಂದ. ಅಡುಗೆಮನೆ ಬದಲಿಸುವಾಗ ತಂತಿ, ಪೈಪು, ಮಷೀನು ಎಲ್ಲಾ ಒಟ್ಟಿಗೆ ಬರುವುದರಿಂದ ಇದನ್ನು ಮರೆಯುವ ಹಾಗಿಲ್ಲ.

ಎರಡನೇ ಗುಂಪು ಸುಂಕ ತಟ್ಟಿದರೂ ಮೊತ್ತ ಸಣ್ಣದಿರುವಂಥದ್ದು. ಕೆನಡಾದ ಟೂ ಬೈ ಫೋರ್ ಇಲ್ಲಿ ಬರುತ್ತದೆ.

ಮೂರನೆಯದು ಬಹುತೇಕ ಇಲ್ಲಿಯದೇ. ಡೆಕ್‌ಗೆ ಬಳಸುವ, ಕೊಳೆಯದ ಹಾಗೆ ಔಷಧಿ ಹೊಡೆದ ಸದರ್ನ್ ಯೆಲ್ಲೊ ಪೈನ್ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬೆಳೆಯುತ್ತದೆ. ಡ್ರೈವಾಲ್, ಕಾಂಕ್ರೀಟ್, ಚಾವಣಿಯ ಶಿಂಗಲ್ಸ್ ಹೆಚ್ಚಾಗಿ ಇಲ್ಲೇ ತಯಾರಾಗುತ್ತವೆ. ಕೂಲಿಯೂ ಇದೇ ಗುಂಪು, ಮತ್ತೆ ನಿಮ್ಮ ಬಿಲ್ಲಿನಲ್ಲಿ ದೊಡ್ಡ ಪಾಲು ಅದರದ್ದೇ. ಇಲ್ಲಿನ ಮರಕ್ಕೆ ಬೆಲೆ ಏರುವುದೇ ಇಲ್ಲ ಅಂತ ತಿಳಿಯಬೇಡಿ. ಕೆನಡಾ ಮರ ತುಟ್ಟಿಯಾದರೆ ಜನ ಇತ್ತ ತಿರುಗುತ್ತಾರೆ, ಇದರ ಬೆಲೆಯೂ ಸ್ವಲ್ಪ ಏರುತ್ತದೆ. ಆದರೆ ಅದನ್ನು ಸುಂಕ ಅಂತ ಬಿಲ್ಲಿಗೆ ಹಾಕುವುದು ತಪ್ಪು.

ಕಲ್ಲಿನ ಬಗ್ಗೆ ನಮ್ಮವರಿಗೆ ಬೇರೆಯೇ ಒಂದು ಮಾತು ಹೇಳಬೇಕು. ಇಲ್ಲಿನ ಅಡುಗೆಮನೆಗಳಿಗೆ ಗ್ರಾನೈಟ್, ಕ್ವಾರ್ಟ್ಜ್ ಹಲಗೆ ಬರುವ ದೇಶಗಳಲ್ಲಿ ಭಾರತ ದೊಡ್ಡದು. ಚಾಮರಾಜನಗರದ ಕರಿಕಲ್ಲಿಗೆ ಜಗತ್ತಿನಲ್ಲೇ ಹೆಸರಿದೆ. ಭಾರತದ ಸರಕಿಗೆ 2025ರ ಆಗಸ್ಟ್ 27ರಿಂದ ಒಟ್ಟು ಶೇ 50 ಸುಂಕ ಬಿದ್ದಿತ್ತು, 2026ರ ಫೆಬ್ರವರಿಯಲ್ಲಿ ಅದು ಇಳಿಯಿತು. ಇಂಥ ದೇಶವಾರು ಸುಂಕ ಮಾತುಕತೆಯಿಂದ, ಕೋರ್ಟಿನಿಂದ ತಿಂಗಳೊಪ್ಪತ್ತಿನಲ್ಲಿ ಬದಲಾಗಬಹುದು. ಸಾಮಾನ್ಯವಾಗಿ ಸುಂಕ ಕಟ್ಟುವುದು ಹಡಗು ಬಂದ ದಿನದ ದರದಲ್ಲಿ. ಆದ್ದರಿಂದ ಕಲ್ಲಿನ ಯಾರ್ಡಿಗೆ ಹೋದಾಗ ಈ ಹಲಗೆ ಯಾವಾಗ ಬಂದದ್ದು ಅಂತ ವಿಚಾರಿಸಿ. ಹಳೇ ದಾಸ್ತಾನು ಇದ್ದರೆ ಹೊಸ ಸುಂಕದ ಮಾತೇ ಬರಬಾರದು. ಬಾತ್‌ರೂಮಿನ ಚಿಕ್ಕ ಕಟ್ಟೆಗೆ ದೊಡ್ಡ ಹಲಗೆ ಬೇಕಿಲ್ಲ. ಬೇರೆಯವರಿಗೆ ಕೊಯ್ದು ಉಳಿದ ತುಂಡು ಕೇಳಿ, ತುಂಬಾ ಕಡಿಮೆಗೆ ಕೊಡುತ್ತಾರೆ.

ಹೆಜ್ಜೆ 4: ಮರದ ಮೇಲಿನ ಮುದ್ರೆ ಓದಿ

ಪ್ರತಿ ಕಟ್ಟಡದ ಮರದ ಮೇಲೂ ಒಂದು ಮುದ್ರೆ ಇರುತ್ತದೆ. ಮಿಲ್ಲಿನ ಸಂಖ್ಯೆ, ದರ್ಜೆ, ಮರದ ಜಾತಿ, ತೇವ, ಎಲ್ಲ ಅದರಲ್ಲಿದೆ. ಎಸ್-ಪಿ-ಎಫ್ ಅಂದರೆ ಸ್ಪ್ರೂಸ್, ಪೈನ್, ಫರ್ ಗುಂಪು, ಹೆಚ್ಚಾಗಿ ಕೆನಡಾದ್ದು. ಅದರ ಕೊನೆಗೆ ಇನ್ನೊಂದು ಚಿಕ್ಕ ಎಸ್ ಇದ್ದರೆ ಅಮೆರಿಕದಲ್ಲಿ ಬೆಳೆದದ್ದು. ಕೆಡಿ-ಎಚ್‌ಟಿ ಅಂದರೆ ಗೂಡಿನಲ್ಲಿ ಒಣಗಿಸಿ ಶಾಖ ಕೊಟ್ಟ ಮರ. ಹಲಗೆಯ ತುದಿಗೆ ಅಂಟಿಸಿದ ಚೀಟಿಯಲ್ಲಿ ದೇಶದ ಹೆಸರೂ ಸಿಗುತ್ತದೆ.

ಕಂಟ್ರಾಕ್ಟರು ಕೆನಡಾ ಮರದ ಸುಂಕ ಅಂದರೆ ಅಂಗಳಕ್ಕೆ ಬಂದ ಮರದ ಮುದ್ರೆ ನೋಡಿ, ಫೋಟೋ ತೆಗೆಯಿರಿ. ಒಂದು ನಿಮಿಷದ ಕೆಲಸ. ಹಾಗೇ ಬಾಗಿದ, ತಿರುಚಿದ ಹಲಗೆ ಇದ್ದರೆ ಅಲ್ಲೇ ವಾಪಸ್ ಕಳಿಸಿ.

ಹೆಜ್ಜೆ 5: ಕೊಟೇಶನ್ ಬಿಡಿಸಿ ತರಿಸಿ

ಕನಿಷ್ಠ ಮೂರು ಕೊಟೇಶನ್. ಮೂರರಲ್ಲೂ ಸಾಮಾನು ಬೇರೆ, ಕೂಲಿ ಬೇರೆ ಬರೆಸಿ. ಒಟ್ಟು ಮೊತ್ತ ಒಂದೇ ಸಾಲಿನಲ್ಲಿ ಕೊಡುವವರ ಹತ್ತಿರ ಮುಂದೆ ಸುಂಕದ ವಿಷಯದಲ್ಲಿ ಮಾತಾಡಲು ನಿಮಗೆ ನೆಲೆಯೇ ಇರುವುದಿಲ್ಲ. ಕೊಟೇಶನ್ ಎಷ್ಟು ದಿನ ಊರ್ಜಿತ ಅಂತ ಕೇಳಿ. ಮೊದಲೆಲ್ಲ ತಿಂಗಳು, ಎರಡು ತಿಂಗಳು ಕೊಡುತ್ತಿದ್ದರು. ಈಗ ವಾರಕ್ಕೆ ಇಳಿಸಿದವರೂ ಇದ್ದಾರೆ. ಅದರಲ್ಲಿ ತಪ್ಪಿಲ್ಲ, ಅವರಿಗೂ ಸಾಮಾನು ಮಾರುವ ಯಾರ್ಡಿನವರು ಅಷ್ಟೇ ದಿನ ಕೊಡುವುದು. ದೊಡ್ಡ ಅಂಗಡಿಗಳಲ್ಲಿ ಕಂಟ್ರಾಕ್ಟರುಗಳಿಗಂತ ಇರುವ ಪ್ರೊ ಡೆಸ್ಕ್‌ನಲ್ಲಿ ಪೂರ್ತಿ ಪಟ್ಟಿ ಕೊಟ್ಟು ಕೇಳಿದರೆ ಬಿಡಿ ಬೆಲೆಗಿಂತ ಕಡಿಮೆ ಸಿಗುತ್ತದೆ. ಊರಿನ ಹಳೇ ಲಂಬರ್ ಯಾರ್ಡನ್ನೂ ಬಿಡಬೇಡಿ. ನನಗೆ ಡೆಕ್ ಮರ ಚೆನ್ನಾಗಿ ಸಿಕ್ಕಿದ್ದು ಅಲ್ಲೇ.

ಹೆಜ್ಜೆ 6: ಸುಂಕದ ಸಾಲನ್ನು ಅಗ್ರಿಮೆಂಟಿನಲ್ಲಿ ಸರಿಯಾಗಿ ಬರೆಸಿ

ನನ್ನ 1,900 ಡಾಲರ್ ಪಾಠ ಇಲ್ಲಿದೆ. ಬೆಲೆ ಏರಿದರೆ ಯಾರು ಕೊಡಬೇಕು ಅನ್ನುವ ಸಾಲು ಅಗ್ರಿಮೆಂಟಿನಲ್ಲಿ ಇರುವುದು ಈಗ ಮಾಮೂಲಿ. ಅದನ್ನು ತೆಗೆಸಿಯೇ ತೀರುತ್ತೇನೆ ಅಂತ ಹಟ ಹಿಡಿದರೆ ಕಂಟ್ರಾಕ್ಟರು ಆ ಅಪಾಯವನ್ನು ಮೊದಲೇ ಬೆಲೆಗೆ ಸೇರಿಸಿಬಿಡುತ್ತಾರೆ. ಆಗ ಸುಂಕ ಬರದಿದ್ದರೂ ನೀವು ಕೊಟ್ಟಿರುತ್ತೀರಿ. ಅದಕ್ಕಿಂತ ಸಾಲು ಇರಲಿ, ಬಿಗಿಯಾಗಿರಲಿ. ಈ ಮಾತುಗಳು ಅದರಲ್ಲಿ ಬರಬೇಕು:

- ಯಾವ ಸಾಮಾನಿಗೆ ಮಾತ್ರ ಅನ್ವಯ ಅಂತ ಹೆಸರು ಹೇಳಿ ಬರೆಯಬೇಕು. ಕ್ಯಾಬಿನೆಟ್, ಕಲ್ಲು, ಲೋಹ ಹೀಗೆ. ‘ಸಾಮಾನು’ ಅಂತ ಒಟ್ಟಾರೆ ಬೇಡ.
- ಇವತ್ತಿನ ಬೆಲೆಯ ಪಟ್ಟಿ, ತಾರೀಖಿನ ಜೊತೆ, ಅಗ್ರಿಮೆಂಟಿಗೆ ಲಗತ್ತಾಗಬೇಕು.
- ಶೇ 5ರವರೆಗಿನ ಏರಿಕೆ ಕಂಟ್ರಾಕ್ಟರದ್ದು. ಅದಕ್ಕಿಂತ ಹೆಚ್ಚಿನದ್ದು ಮಾತ್ರ ನಿಮ್ಮದು. ಐದೇ ಅಂತಲ್ಲ, ಮಾತಾಡಿ ಒಂದು ಗೆರೆ ಹಾಕಿಕೊಳ್ಳಿ.
- ಯಾರ್ಡಿನ ಬಿಲ್ಲು ತೋರಿಸಿದರೆ ಮಾತ್ರ ಹಣ. ಆ ಹೆಚ್ಚುವರಿಯ ಮೇಲೆ ಲಾಭ ಸೇರಿಸುವ ಹಾಗಿಲ್ಲ.
- ಬೆಲೆ ಇಳಿದರೆ ಅದೇ ಲೆಕ್ಕದಲ್ಲಿ ನಿಮಗೆ ವಾಪಸ್ ಬರಬೇಕು.
- ಒಂದು ಮಿತಿ ದಾಟಿದರೆ ಬೇರೆ ಸಾಮಾನು ಆರಿಸಲು ಅಥವಾ ಆ ಭಾಗವನ್ನು ಕೈಬಿಡಲು ನಿಮಗೆ ಹಕ್ಕಿರಬೇಕು.

ಇಳಿದರೆ ವಾಪಸ್ ಅನ್ನುವ ಸಾಲಿಗೆ ಹಲವರು ಮುಖ ಸಿಂಡರಿಸುತ್ತಾರೆ. ಆದರೂ ಬಿಡಬೇಡಿ. 2025ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಆದದ್ದು ಅದೇ ಅಲ್ವಾ? ಇದು ನ್ಯಾಯದ ಮಾತು. ನೇರವಾಗಿ ಕೆಲಸ ಮಾಡುವ ಕಂಟ್ರಾಕ್ಟರು ಒಪ್ಪುತ್ತಾರೆ. ನಮ್ಮ ಡೆಕ್ ಮಾಡಿದವರು ಎರಡು ನಿಮಿಷ ಯೋಚಿಸಿ ಸಹಿ ಹಾಕಿದರು.

ಹೆಜ್ಜೆ 7: ಅಡ್ವಾನ್ಸ್ ಕೊಡುವಾಗ ಎಚ್ಚರ

ಸುಂಕ ಏರುವ ಮೊದಲೇ ಸಾಮಾನು ತಂದಿಡುತ್ತೇನೆ, ಅರ್ಧ ಹಣ ಈಗಲೇ ಕೊಡಿ ಅಂತ ಕೇಳುವವರು ಹೆಚ್ಚಾಗಿದ್ದಾರೆ. ಕ್ಯಾಬಿನೆಟ್‌ಗೆ ಇದು ಒಳ್ಳೆಯ ಉಪಾಯವೇ. ಆದರೆ ಹಣ ಕಂಟ್ರಾಕ್ಟರಿಗೆ ಅಲ್ಲ, ಸಾಧ್ಯವಾದರೆ ನೇರ ಅಂಗಡಿಗೆ ಹೋಗಲಿ. ಬಿಲ್ಲು ನಿಮ್ಮ ಹೆಸರಿನಲ್ಲಿರಲಿ. ಸಾಮಾನು ಯಾರ ಗೋದಾಮಿನಲ್ಲಿರುತ್ತದೆ, ಅದಕ್ಕೆ ವಿಮೆ ಇದೆಯಾ ಅಂತ ಕೇಳಿ. ಕೆಲವು ರಾಜ್ಯಗಳಲ್ಲಿ ಅಡ್ವಾನ್ಸಿಗೆ ಕಾನೂನಿನ ಮಿತಿಯೇ ಇದೆ. ಕ್ಯಾಲಿಫೋರ್ನಿಯಾದಲ್ಲಿ ಮನೆ ದುರಸ್ತಿ ಕೆಲಸಕ್ಕೆ ಕಂಟ್ರಾಕ್ಟರು 1,000 ಡಾಲರ್ ಅಥವಾ ಒಟ್ಟು ಬೆಲೆಯ ಶೇ 10, ಇದರಲ್ಲಿ ಯಾವುದು ಕಡಿಮೆಯೋ ಅಷ್ಟೇ ಮುಂಗಡ ಕೇಳಬಹುದು.

ಇನ್ನೊಂದು ವಿಷಯ ಊರಿನಿಂದ ಬಂದ ನಮಗೆ ಗೊತ್ತೇ ಇರುವುದಿಲ್ಲ. ನೀವು ಕಂಟ್ರಾಕ್ಟರಿಗೆ ಪೂರ್ತಿ ಹಣ ಕೊಟ್ಟಿರುತ್ತೀರಿ. ಅವರು ಯಾರ್ಡಿಗೆ ಕೊಡದೇ ಹೋದರೆ ಯಾರ್ಡಿನವರು ನಿಮ್ಮ ಮನೆಯ ಮೇಲೆ ಲೀನ್ ಹಾಕಬಹುದು. ಅಂದರೆ ಆ ಬಾಕಿ ನಿಮ್ಮ ಮನೆಗೆ ಅಂಟಿಕೊಳ್ಳುತ್ತದೆ, ಮನೆ ಮಾರುವಾಗ ಎದುರಿಗೆ ಬರುತ್ತದೆ. ಅದಕ್ಕೇ ಪ್ರತಿ ಕಂತಿಗೂ ಯಾರ್ಡಿನಿಂದ ಲೀನ್ ವೇವರ್, ಅಂದರೆ ಹಣ ಮುಟ್ಟಿದೆ, ಲೀನ್ ಹಾಕುವುದಿಲ್ಲ ಅನ್ನುವ ಕಾಗದ ಕೇಳಿ. ಬೆಲೆ ಏರುಪೇರಾಗಿ ಕಂಟ್ರಾಕ್ಟರುಗಳ ಕೈ ಬಿಗಿಯಾದಾಗ ಇದು ಇನ್ನೂ ಮುಖ್ಯ.

ಹೆಜ್ಜೆ 8: ಯಾವುದನ್ನು ಈಗ, ಯಾವುದನ್ನು ಆಮೇಲೆ

ಕ್ಯಾಬಿನೆಟ್ ಬದಲಿಸಲೇಬೇಕು, ಅದೂ ಆಮದಿನದ್ದೇ ಬೇಕು ಅಂದರೆ 2027ರ ಜನವರಿಯ ಗಡುವನ್ನು ಮನಸ್ಸಿನಲ್ಲಿಡಿ. ಆರ್ಡರ್ ಕೊಟ್ಟ ದಿನ ಲೆಕ್ಕಕ್ಕಿಲ್ಲ, ಬಂದರಿಗೆ ಬಂದ ದಿನ ಲೆಕ್ಕ. ತಯಾರಿ, ಹಡಗು ಎರಡೂ ಸೇರಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಡಿಸೆಂಬರ್‌ನಲ್ಲಿ ಓಡಿದರೆ ಪ್ರಯೋಜನ ಇಲ್ಲ. ಗಡುವು ಮತ್ತೆ ಮುಂದಕ್ಕೆ ಹೋಗಬಹುದು, ಒಮ್ಮೆ ಹೋಗಿದೆ. ಅದನ್ನು ನಂಬಿ ಕೂರುವುದು ಬೇಡ, ಅದಕ್ಕೆ ಹೆದರಿ ಬೇಡದ ಕ್ಯಾಬಿನೆಟ್ ಕೊಳ್ಳುವುದೂ ಬೇಡ. ಪೆಟ್ಟಿಗೆ ಗಟ್ಟಿ ಇದ್ದರೆ ಬರೀ ಬಾಗಿಲು ಬದಲಿಸಿ. ಪೂರ್ತಿ ಬದಲಿಸುವುದಕ್ಕಿಂತ ಬಹಳ ಕಡಿಮೆಯಲ್ಲಿ ಮುಗಿಯುತ್ತದೆ.

ಮರವನ್ನು ಮಾತ್ರ ಕೂಡಿಡಬೇಡಿ. ಕೆಲಸ ಶುರುವಾಗುವ ವಾರ ತಂದರೆ ಸಾಕು. ಮರದ ಬೆಲೆಗೆ ಒಂದು ಋತು ಇದೆ. ಚಳಿ ಬಿಟ್ಟು ಎಲ್ಲರೂ ಮನೆ ಕೆಲಸಕ್ಕಿಳಿಯುವ ಮಾರ್ಚ್‌ನಿಂದ ಮೇವರೆಗೆ ಸಾಮಾನ್ಯವಾಗಿ ಏರುತ್ತದೆ, ಶರತ್ಕಾಲದಲ್ಲಿ ತಗ್ಗುತ್ತದೆ. ಡೆಕ್ ಕೆಲಸವನ್ನು ಸೆಪ್ಟೆಂಬರ್, ಅಕ್ಟೋಬರ್‌ಗೆ ಇಟ್ಟುಕೊಂಡರೆ ಮರವೂ ಅಗ್ಗ, ಕಂಟ್ರಾಕ್ಟರಿಗೂ ಬಿಡುವು. ಔಷಧಿ ಹೊಡೆದ ಮರ ಹಸಿಯಾಗೇ ಬರುತ್ತದೆ. ಬಿಸಿಲಿನಲ್ಲಿ ತಿಂಗಳು ಬಿಟ್ಟರೆ ಬಾಳೆಕಾಯಿಯ ಹಾಗೆ ಬಾಗುತ್ತದೆ. ಡ್ರೈವಾಲನ್ನು ತೇವದ ಗ್ಯಾರೇಜಿನಲ್ಲಿಟ್ಟರೆ ಬೂಷ್ಟು. ಉಳಿಸಿದ್ದು ಅಷ್ಟರಲ್ಲೇ ಹೋಯಿತು. ತರಲೇಬೇಕಾಗಿ ಬಂದರೆ ನೆಲದಿಂದ ಎತ್ತರಕ್ಕೆ, ನಡುವೆ ರೀಪು ಕೊಟ್ಟು, ಮೇಲೆ ಮಾತ್ರ ಟಾರ್ಪಾಲಿನ್ ಹೊದಿಸಿ. ಬದಿಗಳಲ್ಲಿ ಗಾಳಿ ಆಡಬೇಕು.

ಹೆಜ್ಜೆ 9: ಉಳಿಸುವ ಜಾಗ, ಉಳಿಸಬಾರದ ಜಾಗ

ನಕ್ಷೆಯಲ್ಲಿ ಉಳಿಸುವುದು ಎಲ್ಲಕ್ಕಿಂತ ಸುಲಭ. ಮರ ಬರುವುದು 8, 10, 12, 16 ಅಡಿ ಹೀಗೆ ಸಮ ಅಳತೆಯಲ್ಲಿ. ಡೆಕ್ 13 ಅಡಿ ಬೇಕು ಅಂದರೆ 14 ಅಡಿಯ ಮರ ತಂದು ಒಂದಡಿ ಕೊಯ್ದು ಎಸೆಯುತ್ತೀರಿ, ಪ್ರತಿ ಜಾಯಿಸ್ಟಿಗೂ. ಹನ್ನೆರಡಕ್ಕೆ ನಿಲ್ಲಿಸಿದರೆ ಆ ಉಳಿತಾಯ ಎಷ್ಟೋ ಸುಂಕಕ್ಕಿಂತ ದೊಡ್ಡದು.

ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿಯವರ ರೀಸ್ಟೋರ್ ಅಂಗಡಿಗಳಿಗೆ ಒಮ್ಮೆ ಹೋಗಿ ಬನ್ನಿ. ಬೇರೆ ಮನೆಗಳಿಂದ ಬಿಚ್ಚಿದ ಬಾಗಿಲು, ಕ್ಯಾಬಿನೆಟ್, ಸಿಂಕು ಚೆನ್ನಾಗಿರುವುದೇ ಸಿಗುತ್ತದೆ. ಊರಲ್ಲಿ ಹಳೇ ಮನೆ ಕೆಡವಿದಾಗ ಅಜ್ಜನ ಕಾಲದ ಬಾಗಿಲು, ಕಂಬಗಳನ್ನು ಜನ ಹುಡುಕಿಕೊಂಡು ಬರುತ್ತಾರಲ್ಲ, ಹಾಗೇ. ಇಲ್ಲಿ ಹಳೇದು ಕೊಳ್ಳಲು ಸಂಕೋಚ ಯಾಕೆ?

ಜಾಯಿಸ್ಟಿನ ಅಳತೆ ಮಾತ್ರ ಇಳಿಸಬೇಡಿ. ಟೂ ಬೈ ಟೆನ್ ಬೇಕಾದಲ್ಲಿ ಟೂ ಬೈ ಏಯ್ಟ್ ಹಾಕಿದರೆ ಹಬ್ಬದ ದಿನ ಮೂವತ್ತು ಜನ ನಿಂತಾಗ ಡೆಕ್ ಅಲುಗಾಡುತ್ತದೆ. ಔಷಧಿ ಹೊಡೆದ ಮರದಲ್ಲಿ ತಾಮ್ರ ಇರುತ್ತದೆ, ಅದು ಸಾದಾ ಉಕ್ಕನ್ನು ತಿನ್ನುತ್ತದೆ. ಸತುವಿನಲ್ಲಿ ಅದ್ದಿದ ಅಥವಾ ಸ್ಟೇನ್‌ಲೆಸ್ ಸ್ಕ್ರೂ, ಹ್ಯಾಂಗರ್‌ಗಳೇ ಬೇಕು. ಲೋಹಕ್ಕೆ ಸುಂಕ ಬಿದ್ದಿದೆ ಅಂತ ಅಗ್ಗದ ಮೊಳೆಗೆ ಹೋಗುವುದು ಪ್ರಾಣಕ್ಕೇ ಕುತ್ತು. ಪರ್ಮಿಟ್ ಕೂಡ ಹಾಗೆಯೇ, ಅದರ ಖರ್ಚು ಉಳಿಸಲು ಹೋಗಬೇಡಿ.

ಕೆಲಸ ಮುಗಿದ ದಿನ

ಕೊನೆಯ ಕಂತು ಕೊಡುವ ಮುಂಚೆ ನಿಮ್ಮ ಮೊದಲ ಪಟ್ಟಿಯನ್ನು ತೆಗೆದು ಬಿಲ್ಲಿನ ಪಕ್ಕ ಇಡಿ. ಏರಿದ ಪ್ರತಿ ಸಾಲಿಗೂ ಯಾರ್ಡಿನ ಬಿಲ್ಲು ಇದೆಯಾ ನೋಡಿ. ಇಳಿದ ಸಾಲುಗಳನ್ನೂ ನೋಡಿ. ಲೀನ್ ವೇವರ್ ಕೈಗೆ ಬಂದ ಮೇಲೆ ಚೆಕ್ ಬರೆಯಿರಿ. ಮಿಕ್ಕಿದ ಹಲಗೆ ಎಣಿಸಿ, ಮುಟ್ಟದೇ ಇದ್ದದ್ದನ್ನು ರಸೀದಿ ಸಮೇತ ಅಂಗಡಿಗೆ ಕೊಟ್ಟುಬನ್ನಿ. ನಮ್ಮ ಡೆಕ್ ಕೆಲಸದಲ್ಲಿ ನಾಲ್ಕು ಹಲಗೆ, ಒಂದು ಪೂರ್ತಿ ಡಬ್ಬ ಹ್ಯಾಂಗರ್ ಉಳಿದಿತ್ತು. ಹಲಗೆ ಮೂರನ್ನು ವಾಪಸ್ ಮಾಡಿ, ಒಂದನ್ನು ತುಳಸಿ ಕುಂಡದ ಕಟ್ಟೆಗೆ ಇಟ್ಟುಕೊಂಡೆವು.